ನಲವತ್ತು ಮೀಟರ್‌ನಲ್ಲಿ ಒಂದು ಸುಳ್ಳು ಕೂಗು

ಗುಂಡಿ ಒತ್ತಿದರೆ ನಾವಿಬ್ಬರೂ ಮುಗಿದೆವು.

ಮೈಕಿನ ಗುಂಡಿಯ ಮೇಲೆ ಲಿಫ್ಟ್ ಮಾಮನ ಹೆಬ್ಬೆರಳು. ಅವರ ಮಣಿಕಟ್ಟಿನ ಮೇಲೆ ನನ್ನ ಎರಡೂ ಕೈ. ಮೇಜಿನ ಮೇಲಿದ್ದ ರೇಡಿಯೊದಿಂದ ಒಬ್ಬ ಗಂಡಸಿನ ದನಿ ಬರುತ್ತಿತ್ತು...

"ಯಾರಾದ್ರೂ ಕೇಳಿಸ್ಕೋತಿದ್ದೀರಾ? ದೋಣಿಗೆ ನೀರು ನುಗ್ತಾ ಇದೆ. ಐದು ಜನ ಇದೀವಿ. ಮಗು ಇದೆ. ಯಾರಾದ್ರೂ ಮಾತಾಡಿ."

ದನಿಯ ಹಿಂದೆ ಮಗು ಅಳುತ್ತಿತ್ತು.

"ಕೈ ಬಿಡು ಮಗಳೇ," ಎಂದರು ಲಿಫ್ಟ್ ಮಾಮ.

ಬಿಡಲಿಲ್ಲ.

ನೀವು ಬಂದದ್ದು ಬ್ಯಾಂಡ್‌ಗಳ ಬಗ್ಗೆ ಕೇಳಲು, ಗೊತ್ತು. ಹೊಸ ಹವ್ಯಾಸಿ ರೇಡಿಯೊ ಲೈಸೆನ್ಸು, ಹೊಸ ಸೆಟ್ಟು, ಎಲ್ಲಿಂದ ಶುರು ಮಾಡಲಿ ಎಂಬ ಹೊಸ ಗೊಂದಲ. ನನಗೆ ಪಾಠದ ಹಾಗೆ ಹೇಳಲು ಬರುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ. ಬ್ಯಾಂಡ್‌ಗಳು ದಾರಿಯಲ್ಲಿ ಸಿಗುತ್ತವೆ. ಎಲ್ಲಿ ಕಾಲಿಡಬಾರದು ಎನ್ನುವುದೂ ಸಿಗುತ್ತದೆ.

ಸಾಕ್ಷಿಗಳನ್ನು ಜೋಪಾನ ಮಾಡುವುದು ನನ್ನ ಕೆಲಸ. ಕೋರ್ಟಿನಲ್ಲಿ ಬಾಯಿ ಬಿಡುವ ದಿನದವರೆಗೆ ಅವರನ್ನು ಬದುಕಿಸಿಟ್ಟುಕೊಳ್ಳಬೇಕು. ನನ್ನ ಅಕ್ಕ ವಕೀಲೆ. ಅವಳು ಕೇಸು ನಡೆಸುತ್ತಾಳೆ, ನಾನು ಬಾಗಿಲು ಕಾಯುತ್ತೇನೆ. ಹುಟ್ಟಾ ಪುಕ್ಕಲಿ ನಾನು. ಹೋಟೆಲಿಗೆ ಹೋದರೆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತೇನೆ. ಬೀಗ ಹಾಕಿ ಮೆಟ್ಟಿಲಿಳಿದ ಮೇಲೆ ಮತ್ತೆ ಹತ್ತಿ ಹೋಗಿ ಜಗ್ಗಿ ನೋಡುತ್ತೇನೆ. ಮನೆಯವರು ಇದನ್ನು ಕಾಯಿಲೆ ಎನ್ನುತ್ತಿದ್ದರು. ಈ ಕೆಲಸದಲ್ಲಿ ಅದಕ್ಕೆ ಸಂಬಳ ಸಿಗುತ್ತದೆ.

ಆ ಸಲದ ಸಾಕ್ಷಿ ಒಬ್ಬ ಲಿಫ್ಟ್ ಮೆಕ್ಯಾನಿಕ್. ಬಿಲ್ಡರ್ ಒಬ್ಬನ ಹೊಸ ಕಟ್ಟಡ, ಊರಿನಲ್ಲೇ ಎತ್ತರದ್ದು. ಉದ್ಘಾಟನೆಯ ದಿನ ಲಿಫ್ಟಿನ ಬ್ರೇಕು ಸವೆದದ್ದು ಕಂಡು ಲಿಫ್ಟ್ ಮಾಮ ಅದಕ್ಕೆ ಬೀಗ ಜಡಿದಿದ್ದರು. ಅತಿಥಿಗಳು ಮೆಟ್ಟಿಲು ಹತ್ತಿ ಬೆವರುವುದು ಚೆನ್ನಾಗಿ ಕಾಣುವುದಿಲ್ಲವೆಂದು ಬಿಲ್ಡರ್ ಬೀಗ ಒಡೆಸಿದ. ಲಿಫ್ಟು ಗಟ್ಟಿಯಿದೆಯೋ ಇಲ್ಲವೋ ನೋಡಲು ಮೊದಲು ಅಡುಗೆಯವರನ್ನು ಪಾತ್ರೆಗಳ ಸಮೇತ ಮೇಲಕ್ಕೆ ಕಳಿಸಿದ. ಗಟ್ಟಿಯಿರಲಿಲ್ಲ. ಒಳಗಿದ್ದವರು ಒಬ್ಬರೂ ಉಳಿಯಲಿಲ್ಲ.

ಬೀಗವನ್ನು ಯಾರೂ ಹಾಕಿಯೇ ಇರಲಿಲ್ಲ ಎಂದ ಬಿಲ್ಡರ್. ತಪ್ಪು ಮೆಕ್ಯಾನಿಕ್‌ನದು ಎಂದ. ಬೀಗ ಒಡೆದವನು ಪರದೇಶ ಸೇರಿದ್ದ. ಬೀಗ ಇತ್ತು ಎನ್ನಲು ಉಳಿದದ್ದು ಒಂದೇ ಬಾಯಿ. ಆ ಬಾಯಿ ಮರುದಿನ ಬೆಳಿಗ್ಗೆ ಕೋರ್ಟಿನಲ್ಲಿ ತೆರೆಯಬೇಕಿತ್ತು.

ಹಳೆಯ ಪೇಟೆಯಲ್ಲಿ, ಬಟ್ಟೆಗೆ ಬಣ್ಣ ಹಾಕುವ ಅಂಗಡಿಯ ಮೇಲಿನ ಕೋಣೆಯಲ್ಲಿ ಅವರನ್ನು ಇಟ್ಟಿದ್ದೆ. ಫೋನು ಕಿತ್ತುಕೊಂಡಿದ್ದೆ. ಕಿಟಕಿ ತೆರೆಯಬೇಡಿ ಎಂದಿದ್ದೆ. ಎಲ್ಲಕ್ಕೂ ಒಪ್ಪಿದರು. ಒಂದೇ ಒಂದು ಕೇಳಿದರು, ತಮ್ಮ ಹ್ಯಾಮ್ ರೇಡಿಯೊ, ಹವ್ಯಾಸಿಗಳು ಮನೆಯಲ್ಲೇ ಕೂತು ಊರೂರು ಮಾತಾಡಿಸುವ ಸೆಟ್ಟು. ಬರೀ ಕೇಳುತ್ತೇನೆ, ಮಾತಾಡುವುದಿಲ್ಲ ಎಂದು ಆಣೆ ಇಟ್ಟರು.

ತಂದುಕೊಟ್ಟೆ. ನಾನೂ ಹ್ಯಾಮ್. ಆ ಹುಚ್ಚು ಏನೆಂದು ಗೊತ್ತು.

ಅವರ ಹುಚ್ಚು ಇನ್ನೂ ಒಂದು ಕೈ ಮೇಲೆ. ಹಿಂದೆ ದೊಡ್ಡ ಬಿರುಗಾಳಿಯಲ್ಲಿ ಟವರುಗಳೆಲ್ಲ ಮಲಗಿದಾಗ ಊರನ್ನು ಹೊರಗಿನ ಲೋಕಕ್ಕೆ ಜೋಡಿಸಿದ್ದು ಲಿಫ್ಟ್ ಮಾಮನ ಸೆಟ್ಟು. ನಿದ್ದೆಯಿಲ್ಲದೆ, ಕೂತ ಕುರ್ಚಿ ಬಿಡದೆ. ಅಪಾಯದ ಕರೆ ಕಿವಿಗೆ ಬಿದ್ದರೆ ಅವರು ಉತ್ತರ ಕೊಡದೆ ಇರಲಾರರು. ನಮ್ಮ ಊರಿನ ಹ್ಯಾಮ್ ಕ್ಲಬ್ಬಿನಲ್ಲಿ ಇದು ಎಲ್ಲರಿಗೂ ಗೊತ್ತು.

ಎಲ್ಲರಿಗೂ... ಅಲ್ಲೇ ಇತ್ತು ಮುಳ್ಳು.

ರೇಡಿಯೊ ಮತ್ತೆ ಕೂಗಿತು. ದೂರದ ಸಮುದ್ರದಲ್ಲಿದ್ದೇವೆ, ದಡ ಕಾಣುತ್ತಿಲ್ಲ, ಎಂಜಿನ್ ನಿಂತಿದೆ. ಎಲ್ಲವೂ ಹೊಂದುತ್ತಿತ್ತು. ನಲವತ್ತು ಮೀಟರ್ ಬ್ಯಾಂಡು ಹಗಲಿನಲ್ಲಿ ನಾಲ್ಕಾರು ಜಿಲ್ಲೆಗಳ ಆಚೆಯವರನ್ನು ಮಾತಾಡಿಸುವ ಬ್ಯಾಂಡು. ಅದಕ್ಕೇ ಹೊಸಬರಿಗೆ ಅದನ್ನು ಮೊದಲು ಹೇಳಿಕೊಡುತ್ತೇವೆ. ಎಂಬತ್ತು ಮೀಟರ್ ಬಿಸಿಲಿನಲ್ಲಿ ಅಷ್ಟು ದೂರ ಎಳೆಯುವುದಿಲ್ಲ, ಕತ್ತಲಾದ ಮೇಲೆ ಅದರ ಆಟ. ಇಪ್ಪತ್ತು ಮೀಟರ್ ಹತ್ತಿರದವರ ತಲೆಯ ಮೇಲೆ ಹಾರಿ ಖಂಡಾಂತರ ಹೋಗುತ್ತದೆ. ಪಕ್ಕದ ಜಿಲ್ಲೆಯವನಿಗೆ ಕೇಳಿಸದ್ದು ಸಾಗರದಾಚೆಯವನಿಗೆ ಕೇಳಿಸುತ್ತದೆ. ಹತ್ತು ಮೀಟರ್ ಸೂರ್ಯನ ಮರ್ಜಿ, ಒಂದು ವರ್ಷ ಒಲಿದರೆ ಇನ್ನೊಂದು ವರ್ಷ ಮುನಿಯುತ್ತದೆ. ಮುಳುಗುವ ದೋಣಿಯೊಂದು ನಡುಹಗಲಲ್ಲಿ ನಮ್ಮನ್ನು ತಲುಪಬೇಕಾದರೆ ನಲವತ್ತೇ ಸರಿ.

ತೀರಾ ಸರಿಯಾಗಿತ್ತು. ನನಗೆ ಕಸಿವಿಸಿಯಾದದ್ದು ಅದಕ್ಕೇ.

ಆಕಾಶಕ್ಕೆ ಬಡಿದು ಬರುವ ದನಿ ಉಸಿರಾಡುತ್ತದೆ. ಏರುತ್ತದೆ, ಇಳಿಯುತ್ತದೆ, ಒಂದು ಪದ ನುಂಗುತ್ತದೆ. ಈ ದನಿ ಏರಲಿಲ್ಲ, ಇಳಿಯಲಿಲ್ಲ. ಸಿಗ್ನಲ್ಲಿನ ಬಲ ತೋರಿಸುವ ಸೆಟ್ಟಿನ ಮುಳ್ಳು ಬಲತುದಿಗೆ ಅಂಟಿಕೊಂಡು ಅಲ್ಲೇ ನಿಂತಿತ್ತು.

"ಮಾಮ, ಒಂದು ನಿಮಿಷ. ಎರಡರಷ್ಟಕ್ಕೆ ಹೋಗಿ ನೋಡೋಣ."

ಅವರು ನನ್ನ ಮುಖ ನೋಡಿದರು. ಅರ್ಥವಾಯಿತು. ಮೈಕ್ ಕೆಳಗಿಟ್ಟು, ತಮ್ಮ ಕೈಯಿಂದಲೇ ಸೆಟ್ಟಿನ ಡಯಲ್ ತಿರುಗಿಸಿದರು.

ಇದನ್ನು ನೆನಪಿಟ್ಟುಕೊಳ್ಳಿ. ಎಂಥ ಸೆಟ್ಟಾದರೂ ತಾನು ಕೂಗುವ ಜಾಗದ ಎರಡರಷ್ಟು ಮೇಲೆ ಒಂದು ತೆಳ್ಳನೆಯ ನೆರಳು ಬಿಡುತ್ತದೆ. ನಲವತ್ತು ಮೀಟರ್ ಎಂದರೆ ಏಳು ಮೆಗಾಹರ್ಟ್ಜ್. ಅದರ ಎರಡರಷ್ಟು ಹದಿನಾಲ್ಕು. ಅದು ಸರಿಯಾಗಿ ಇಪ್ಪತ್ತು ಮೀಟರ್ ಬ್ಯಾಂಡಿನೊಳಗೆ ಬೀಳುತ್ತದೆ. ಆ ನೆರಳಿಗೆ ಬಲವಿಲ್ಲ. ಒಂದೆರಡು ಬೀದಿ ದಾಟುವಷ್ಟರಲ್ಲಿ ಸಾಯುತ್ತದೆ.

ಸಮುದ್ರದ ನಡುವಿನಿಂದ ನಮ್ಮ ಕೋಣೆಗೆ ಅದು ಬರುವ ಮಾತೇ ಇಲ್ಲ.

ಬಂತು.

ಪದ ತಿಳಿಯುವಂತಿರಲಿಲ್ಲ. ಒಡೆದ ತಗಡನ್ನು ಉಜ್ಜಿದಂಥ ಗೊರಗೊರ. ಆದರೆ ಅದೇ ಮಾತಿನ ಲಯ, ಆ ಗಂಡಸು ದನಿ ಎತ್ತುವ ಕಡೆ ಎತ್ತಿತು. ನಿಲ್ಲುವ ಕಡೆ ನಿಂತಿತು. ಮಗು ಅತ್ತ ಕಡೆ ಕೀರಲಾಯಿತು.

ಲಿಫ್ಟ್ ಮಾಮ ಸೆಟ್ಟಿನ ದನಿ ತಗ್ಗಿಸಿದರು. ಆಮೇಲೆ ಮೈಕಿನ ವೈರನ್ನು ಸುತ್ತಿ ಸುತ್ತಿ ಇಡುತ್ತಾ ಹೇಳಿದರು, "ಮಗು ಅಳೋದನ್ನ ಎಲ್ಲಿ ರೆಕಾರ್ಡ್ ಮಾಡ್ಕೊಂಡ್ರೋ."

"ಎಲ್ಲಾದರೂ ಸಿಗತ್ತೆ ಮಾಮ."

"ಅದಲ್ಲ ನಾನು ಹೇಳಿದ್ದು. ಇನ್ಮೇಲೆ ನಿಜವಾಗ್ಲೂ ಯಾರಾದ್ರೂ ಮುಳುಗ್ತಾ ಕೂಗಿದ್ರೆ... ನಾನು ಮೊದಲು ಎರಡರಷ್ಟಕ್ಕೆ ಹೋಗಿ ಪರೀಕ್ಷೆ ಮಾಡಿ, ಆಮೇಲೆ ಉತ್ತರ ಕೊಡ್ಬೇಕಾ?"



ಕರ್ಟನ್ನಿನ ಅಂಚು ಸರಿಸಿ ನೋಡಿದೆ. ಬೀದಿಯ ತಿರುವಿನಲ್ಲಿ ಬೂದು ಬಣ್ಣದ ವ್ಯಾನು. ಅದರ ತಲೆಯ ಮೇಲೆ ಸೈಕಲ್ ಚಕ್ರದಷ್ಟು ಅಗಲದ ತಂತಿಯ ಬಳೆ. ದಿಕ್ಕು ಹಿಡಿಯುವ ಆಂಟೆನಾ. ನಾವು ಗುಂಡಿ ಒತ್ತಿ ನಾಲ್ಕು ಮಾತಾಡಿದರೆ ಸಾಕು, ಬಳೆ ತಿರುಗಿಸಿ ನಮ್ಮ ದಿಕ್ಕು ಹಿಡಿಯುತ್ತಾರೆ. ಮುಂದೆ ಹೋಗಿ ಇನ್ನೊಮ್ಮೆ ತಿರುಗಿಸಿದರೆ ಮನೆಯನ್ನೇ ಹಿಡಿಯುತ್ತಾರೆ. ನಾವು ಹ್ಯಾಮ್‌ಗಳು ಇದನ್ನು ಆಟವಾಗಿ ಆಡುತ್ತೇವೆ. ಒಬ್ಬ ಎಲ್ಲೋ ಅಡಗಿ ಸಿಗ್ನಲ್ ಬಿಡುತ್ತಾನೆ, ಉಳಿದವರು ಹುಡುಕುತ್ತಾರೆ. ನರಿ ಬೇಟೆ ಎಂದು ಹೆಸರು. ಆ ಆಟದಲ್ಲಿ ಕ್ಲಬ್ಬಿನ ಕಪ್ಪುಗಳನ್ನೆಲ್ಲ ಒಂದೇ ಜೋಡಿ ಗೆದ್ದುಕೊಂಡು ಬರುತ್ತಿತ್ತು.

ನಾನು ಮತ್ತು ಭಾವ.

ಅಕ್ಕನ ಗಂಡ. ರೇಡಿಯೊ ರಿಪೇರಿ ಅಂಗಡಿ ಅವರದು. ಕ್ಲಬ್ಬಿನ ಅಧ್ಯಕ್ಷರೂ ಅವರೇ. ನನಗೆ ಚುಕ್ಕಿ-ಗೆರೆಗಳ ಮೋರ್ಸ್ ಸಂಕೇತ ಕಲಿಸಿದವರು. ನನ್ನ ಮೊದಲ ಸೆಟ್ಟನ್ನು ಬೆಸೆದುಕೊಟ್ಟವರು.

ಅಡಗಿಸಿಟ್ಟ ಕೋಣೆಯಲ್ಲೂ ಲಿಫ್ಟ್ ಮಾಮನ ಹತ್ತಿರ ರೇಡಿಯೊ ಇದೆಯೆಂದು ಯಾರಿಗೆ ಗೊತ್ತಿತ್ತು? ಯಾರಿಗೂ ಹೇಳಿರಲಿಲ್ಲ, ಅಕ್ಕನಿಗೂ. ಆದರೆ ಎರಡು ದಿನದ ಹಿಂದೆ ಭಾವನ ಅಂಗಡಿಯಿಂದ ತಂತಿ ತಂದಿದ್ದೆ. ಇಪ್ಪತ್ತು ಮೀಟರ್ ಉದ್ದ ಕೊಡಿ, ನಡುವೆ ಕತ್ತರಿಸಿ ಕೊಡಿ ಎಂದಿದ್ದೆ. ಯಾರಿಗೆ ಎಂದು ಕೇಳಿದ್ದರು. ಹೊಸಬರೊಬ್ಬರಿಗೆ ಎಂದಿದ್ದೆ. ನಕ್ಕು ಅಳೆದುಕೊಟ್ಟಿದ್ದರು.

ಆಂಟೆನಾದ ತಂತಿ ಬ್ಯಾಂಡಿನ ಅರ್ಧ ಉದ್ದ ಇರುತ್ತದೆ. ಇದು ನಿಮ್ಮ ಮೊದಲ ಪಾಠ. ಇಪ್ಪತ್ತು ಮೀಟರ್ ತಂತಿ ಕೇಳಿದವಳು ನಲವತ್ತು ಮೀಟರ್ ಬ್ಯಾಂಡಿಗೆ ಕಿವಿ ಕೊಟ್ಟು ಕೂರುತ್ತಾಳೆ. ಬಾಯಲ್ಲಿ ಒಂದು ಮಾತೂ ಆಡದೆ ಎಲ್ಲ ಹೇಳಿಬಿಟ್ಟಿದ್ದೆ. ಬಾಗಿಲ ಬೀಗವನ್ನು ಮತ್ತೆ ಮತ್ತೆ ಜಗ್ಗಿ ನೋಡುವವಳು ಅಂಗಡಿಯ ಕೌಂಟರಿನ ಮೇಲೆ ಬೀಗದ ಕೈಯನ್ನೇ ಇಟ್ಟು ಬಂದಿದ್ದೆ. ಒಂದು ಸುರುಳಿ ಕೊಂಡು ಮನೆಯಲ್ಲಿ ಕತ್ತರಿಸಿಕೊಂಡಿದ್ದರೆ ಸಾಕಿತ್ತು.

ನಾನು ಸಾಕ್ಷಿಗಳನ್ನು ಈ ಪೇಟೆಯಲ್ಲೇ ಇಡುತ್ತೇನೆಂದೂ ಭಾವನಿಗೆ ಗೊತ್ತು. ಯಾವ ಮನೆ ಎಂಬುದೊಂದು ಗೊತ್ತಿರಲಿಲ್ಲ.

ಬೇರೆ ಯಾರೋ ಇರಬಹುದು ಎಂದು ಮನಸ್ಸು ವಕಾಲತ್ತು ಮಾಡಿತು. ಆಗ ವ್ಯಾನಿನ ಬಾಗಿಲು ತೆರೆಯಿತು. ಮೊದಲು ಇಳಿದವನು ಉದ್ದನೆಯ ಆಳು, ಕೈಯಲ್ಲಿ ಸುತ್ತಿದ ಪೇಪರು, ಪೇಪರಿನೊಳಗೆ ಬಗ್ಗದ ಏನೋ. ಬಿಲ್ಡರ್‌ನ ಸೈಟುಗಳಲ್ಲಿ ಜಗಳ ಬಗೆಹರಿಸುವವನು. ಅವನ ಹಿಂದೆ ಇಳಿದವರು ತಲೆಯೆತ್ತಿ ಮನೆಗಳ ಟೆರೇಸುಗಳನ್ನು ಒಂದೊಂದಾಗಿ ನೋಡತೊಡಗಿದರು.

ಆ ನಡಿಗೆ, ಸ್ವಲ್ಪ ಎಡಕ್ಕೆ ವಾಲಿದ ಆ ಭುಜ... ಭಾವ. ನನಗೆ ಇನ್ನೇನೂ ಬೇಕಾಗಲಿಲ್ಲ.

ಅವರು ಹುಡುಕುತ್ತಿದ್ದದ್ದು ತಂತಿ. ತಾವೇ ಅಳೆದು ಕೊಟ್ಟ ತಂತಿ. ಅದು ನಮ್ಮ ಟೆರೇಸಿನ ಮೇಲೆ ಹೊಸ ತಾಮ್ರದಂತೆ ಹೊಳೆಯುತ್ತಿತ್ತು. ಬಿಚ್ಚಲು ಮೇಲೆ ಹೋದರೆ ಇಡೀ ಬೀದಿಗೆ ಕಾಣುತ್ತೇನೆ. ಬಿಟ್ಟರೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಅವರು ನಮ್ಮ ಬಾಗಿಲಲ್ಲಿ.

ಒಂದೇ ದಾರಿ. ನರಿ ಬೇರೆ ಕಡೆ ಕೂಗಬೇಕು.

ಸೆಟ್ಟು, ಬ್ಯಾಟರಿ, ಮೋರ್ಸ್ ಕೀಲಿ, ಸೆಟ್ಟಿನ ಜೊತೆ ಬಂದಿದ್ದ ಒಂದು ಹಳೆಯ ತಂತಿ ಚೀಲಕ್ಕೆ ಹಾಕಿದೆ. ಆ ದೋಣಿಗೆ ನಾನೇ ಉತ್ತರ ಕೊಡುತ್ತೇನೆ, ನಿಮ್ಮ ಕರೆಸಂಕೇತದಲ್ಲಿ, ಎಂದೆ. ಕರೆಸಂಕೇತವೆಂದರೆ ಲೈಸೆನ್ಸಿನ ಜೊತೆ ಸಿಗುವ ರೇಡಿಯೊ ಹೆಸರು, ಇನ್ನೊಬ್ಬರದನ್ನು ಬಳಸುವುದು ಅಪರಾಧ. ಲೈಸೆನ್ಸು ಹೋಗುತ್ತದೆ ಎಂದು ನೆನಪಿಸಿದರು ಲಿಫ್ಟ್ ಮಾಮ. ಆ ಹೊತ್ತಿನಲ್ಲೂ.

ಕೆಳಗಿನ ಅಂಗಡಿಯಲ್ಲಿ ಬಿಸಿ ಬಣ್ಣದ ಹಂಡೆಗಳ ನಡುವೆ ಒಂದು ಹಳೆಯ ಫೋನಿತ್ತು. ಅಕ್ಕನಿಗೆ ಮಾಡಿದೆ. ಜಾಗ ಬಯಲಾಗಿದೆ, ಹಿಂದಿನ ಗಲ್ಲಿಗೆ ಕಾರು ತಂದು ಸಾಕ್ಷಿಯನ್ನು ಕರೆದುಕೊಂಡು ಹೋಗು ಎಂದೆ.

"ನಮ್ಮನೆಗೇ ಕರ್ಕೊಂಡು ಹೋಗ್ತೀನಿ ಕಣೇ," ಎಂದಳು ಅಕ್ಕ. "ವಕೀಲರ ಮನೇಲಿ ಯಾರು ಹುಡುಕ್ತಾರೆ?"

"ಮನೆಗೆ ಬೇಡ."

"ಯಾಕೆ?"

ಹಂಡೆಯಲ್ಲಿ ಕೆಂಪು ಬಣ್ಣ ಕುದಿಯುತ್ತಿತ್ತು. ನನಗೆ ಸುಳ್ಳು ಹೇಳಲು ಬರುತ್ತದೆ. ಅದು ನನ್ನ ಕಸುಬು. ಪೊಲೀಸರಿಗೆ, ಮನೆ ಮಾಲೀಕರಿಗೆ, ಆಸ್ಪತ್ರೆಯ ಗುಮಾಸ್ತರಿಗೆ ಉಸಿರು ಬಿಟ್ಟಷ್ಟು ಸಲೀಸಾಗಿ ಹೇಳಿದ್ದೇನೆ. ಆ ದಿನ ನಾಲಿಗೆ ಏಳಲಿಲ್ಲ.

ಅಕ್ಕ ಮೌನಗಳನ್ನು ಓದುವುದರಲ್ಲೇ ಅನ್ನ ಸಂಪಾದಿಸಿದವಳು. ಆ ತುದಿಯಲ್ಲಿ ಅವಳ ಪೆನ್ನು ಮೇಜಿಗೆ ಬಡಿಯುವ ಸದ್ದು ನಿಂತಿತು.

"ಸರಿ. ನಂಗೆ ಲಾ ಕಲಿಸಿದ ಪ್ರೊಫೆಸರಮ್ಮನ ಮನೆಗೆ," ಎಂದಳು. ಫೋನು ಇಟ್ಟಳು.

ಗಲ್ಲಿಯಿಂದ ಹೊರಬಿದ್ದೆ. ನಡೆದೆ. ಓಡುವವರನ್ನು ಜನ ನೋಡುತ್ತಾರೆ. ಒದ್ದೆ ಬಟ್ಟೆ ಹರವಿದ ಸಾಲುಗಳ ಕೆಳಗೆ ಬಗ್ಗಿ, ಹಾರ್ಡ್‌ವೇರ್ ಅಂಗಡಿಯ ಮುಂದಿನಿಂದ ಒಳಹೊಕ್ಕು ಹಿಂದಿನಿಂದ ಹೊರಬಂದು, ದೊಡ್ಡ ರಸ್ತೆ ಸೇರಿದೆ. ತಿರುಗಿದರೆ ಟೋಪಿಯವನೊಬ್ಬ ಹಿಂದೆಯೇ ಬರುತ್ತಿದ್ದ. ನಾನು ಔಷಧಿ ಅಂಗಡಿಯ ಮುಂದೆ ನಿಂತರೆ ಅವನೂ ಚಪ್ಪಲಿ ಸರಿಮಾಡಿಕೊಳ್ಳುತ್ತಾ ನಿಂತ. ಹೊರಟು ನಿಂತ ಬಸ್ಸಿಗೆ ಮುಂಬಾಗಿಲಲ್ಲಿ ಹತ್ತಿ, ಜನರ ಬೈಗುಳ ತಿಂದುಕೊಂಡು ಹಿಂಬಾಗಿಲಲ್ಲಿ ಇಳಿದೆ. ಟೋಪಿಯವನು ಬಸ್ಸಿನೊಳಗೇ ಉಳಿದ. ಬಿಲ್ಡರ್‌ನ ಕಡೆಯವನೋ, ಪಾಪ ಬಸ್ಸಿಗೇ ಬಂದವನೋ, ಇಂದಿಗೂ ಗೊತ್ತಿಲ್ಲ.

ನಾನು ಆರಿಸಿಕೊಂಡ ಜಾಗ ಮಾಲ್ ಒಂದರ ಪಾರ್ಕಿಂಗ್ ಕಟ್ಟಡ. ಅದರ ತೀರಾ ಮೇಲಿನ ಅಂತಸ್ತು. ಅಲ್ಲಿ ಛಾವಣಿಯಿಲ್ಲ, ತಂತಿಗೆ ಆಕಾಶ ಸಿಗುತ್ತದೆ. ಮೂಲೆ ಮೂಲೆಗೂ ಕ್ಯಾಮೆರಾ ಇದೆ. ಕೊನೆಯದನ್ನೇ ನೋಡಿ ಆರಿಸಿದ್ದು.

ಯಾರ ಮುಖ ಅದರಲ್ಲಿ ಬೀಳುತ್ತದೆಂದು ಗೊತ್ತಿದ್ದೇ ಆರಿಸಿದ್ದು. ಇದನ್ನು ನಾನು ಮುಚ್ಚಿಡುವುದಿಲ್ಲ.

ತಂತಿಯನ್ನು ಕಂಬಿಯಿಂದ ಇಳಿಬಿಟ್ಟೆ. ಕಾರೊಂದರ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಸೆಟ್ಟು ಹಚ್ಚಿದೆ. ದೋಣಿ ಇನ್ನೂ ಮುಳುಗುತ್ತಲೇ ಇತ್ತು, ಅದೇ ಅಪರಿಚಿತ ಗಂಡಸಿನ ದನಿಯಲ್ಲಿ. ದನಿ ಕೊಟ್ಟರೆ ಹೆಣ್ಣೆಂದು ತಿಳಿಯುತ್ತದೆ. ಮೋರ್ಸಿನಲ್ಲಿ ಬಡಿದೆ. ಲಿಫ್ಟ್ ಮಾಮನ ಕರೆಸಂಕೇತ. ಕೇಳಿಸುತ್ತಿದೆ. ಬ್ಯಾಟರಿ ಕಡಿಮೆ, ಮಾತು ಹೋಗುವುದಿಲ್ಲ. ನಿಮ್ಮ ಜಾಗ ಹೇಳಿ.

ಮುಳುಗುವವನು ಮೊದಲು ಹೇಳುವುದು ತನ್ನ ಜಾಗ. ಇವನು ಹೇಳಲಿಲ್ಲ.

"ಇನ್ನೊಂದ್ಸಲ ಕಳಿಸಿ," ಎಂದ. "ನಿಧಾನವಾಗಿ ಕಳಿಸಿ. ಉದ್ದಕ್ಕೆ ಕಳಿಸಿ."

ಉದ್ದಕ್ಕೆ ಕಳಿಸಿದೆ. ಮಗು ಹೇಗಿದೆ ಎಂದು ಕೇಳಿದೆ. ಮಗುವಿನ ಹೆಸರೇನು ಎಂದು ಕೇಳಿದೆ. ಆ ತುದಿಯಲ್ಲಿ ತಡವರಿಕೆ. ಮಗುವಿಗೆ ಹೆಸರಿಡುವುದನ್ನು ಮರೆತಿದ್ದರು.

ನಿಲ್ಲಿಸದೆ ಬಡಿಯುತ್ತಾ ಇದ್ದೆ. ನನ್ನ ಎಂದಿನ ಲಯ ಬಿಟ್ಟು ಲಿಫ್ಟ್ ಮಾಮನ ಲಯದಲ್ಲಿ ಬಡಿಯಬೇಕಿತ್ತು. ಇಲ್ಲದಿದ್ದರೆ ಮೋರ್ಸ್ ಕಲಿಸಿದ ಭಾವನಿಗೆ ನನ್ನ ಕೈ ತಿಳಿದುಬಿಡುತ್ತದೆ. ಕೆಳಗಿನ ರಸ್ತೆಯಲ್ಲಿ ಬೂದು ವ್ಯಾನು ಒಮ್ಮೆ ಹಾದುಹೋಯಿತು. ತಿರುಗಿ ಬಂತು. ಪಾರ್ಕಿಂಗಿನ ಇಳಿಜಾರಿನಲ್ಲಿ ಟೈರುಗಳು ಕಿರ್ರೆಂದವು.

ಆ ಹೊತ್ತಿಗೆ ಹಿಂದಿನ ಗಲ್ಲಿಗೆ ಅಕ್ಕನ ಕಾರು ಬಂದಿರಬೇಕು. ಬಂದಿರಲಿ ಎಂದುಕೊಂಡೆ. ಅದೊಂದೇ ಪ್ರಾರ್ಥನೆ.

ಮೊದಲು ಕಂಡದ್ದು ಉದ್ದನೆಯವನ ಬೂಟು. ಪೇಪರು ಬಿಚ್ಚಿತ್ತು. ಒಳಗಿದ್ದದ್ದು ಕಬ್ಬಿಣದ ಸಲಾಕೆ. ಅವನ ಹಿಂದೆ, ಕೈಯಲ್ಲಿ ಸಣ್ಣದೊಂದು ತಂತಿಯ ಬಳೆ ಹಿಡಿದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಭಾವ. ತಲೆ ತಗ್ಗಿಸಿ ಬಳೆಯನ್ನೇ ನೋಡುತ್ತಾ ನಡೆದು ಬಂದರು. ಬಳೆ ನನ್ನೆದುರು ನಿಂತಿತು. ತಲೆಯೆತ್ತಿದರು.

ಆಟದಲ್ಲಿ ನರಿ ಸಿಕ್ಕರೆ ಅವರು ಚಪ್ಪಾಳೆ ತಟ್ಟುತ್ತಿದ್ದರು. ಈಗ ಹೆಡ್‌ಫೋನ್ ಕೆಳಗಿಳಿಸಿದರು, ಅಷ್ಟೇ.

"ನೀನಾ," ಎಂದರು.

"ನಾನೇ ಭಾವ. ದೋಣಿಯಲ್ಲಿ ಜಾಗ ಇದೆಯಾ?"

ಉದ್ದನೆಯವನಿಗೆ ಹಾಸ್ಯ ಹಿಡಿಸಲಿಲ್ಲ. ಮೆಕ್ಯಾನಿಕ್ ಎಲ್ಲಿ ಎಂದ. ಗೊತ್ತಿಲ್ಲ ಎಂದೆ. ಮೋರ್ಸ್ ಕೀಲಿಯ ಮೇಲಿದ್ದ ನನ್ನ ಬಲಗೈ ಮೇಲೆ ಬೂಟು ಇಟ್ಟ. ಮತ್ತೆ ಕೇಳಿದ. ಗೊತ್ತಿಲ್ಲ ಎಂದೆ. ಬೂಟಿನ ಮೇಲೆ ತನ್ನ ಪೂರಾ ಭಾರ ಬಿಟ್ಟ. ಒಣಕಡ್ಡಿ ಮುರಿದಂಥ ಸದ್ದು ಬಂತು. ಅದು ನನ್ನ ಬೆರಳೆಂದು ತಿಳಿಯಲು ಒಂದು ಕ್ಷಣ ಹಿಡಿಯಿತು.

ಭಾವ ಅವನ ತೋಳು ಹಿಡಿದರು. ಬರೀ ಮಾತುಕತೆ ಎಂದಿದ್ದಿರಲ್ಲ ಎಂದರು. ಉದ್ದನೆಯವನು ತೋಳು ಕೊಡವಿದ ರಭಸಕ್ಕೆ ಭಾವನ ಬಳೆ ಹಾರಿ ಕಾರಿನ ಬಾನೆಟ್ಟಿಗೆ ಬಡಿಯಿತು. ಕಾರು ಲಬೊಲಬೊ ಎಂದು ಹೊಯ್ದುಕೊಂಡಿತು. ಸಲಾಕೆ ಒಮ್ಮೆ ಮೇಲೆದ್ದು ಬಿತ್ತು. ನನ್ನ ತಲೆಯ ಮೇಲಲ್ಲ, ಸೆಟ್ಟಿನ ಮೇಲೆ.

ಕಾರಿನ ಕಿರುಚಾಟಕ್ಕೆ ಪಾರ್ಕಿಂಗ್ ಗಾರ್ಡಮ್ಮ ಓಡಿ ಬಂದಳು. ದಪ್ಪ ಮೈ, ದಪ್ಪ ದನಿ, ಸೊಂಟಕ್ಕೆ ಸಿಕ್ಕಿಸಿದ ಟಾರ್ಚು. ಅವಳ ಬೆನ್ನಿಗೆ ಕಾರಿನ ಮಾಲೀಕರ ಇಡೀ ಸಂಸಾರ, ಕೈ ತುಂಬ ಚೀಲಗಳು.

"ಯಾರಪ್ಪ ಇಲ್ಲಿ ತಂತಿ ಕಟ್ಟಿದ್ದು? ಇದೇನು ನಿಮ್ಮತ್ತೆ ಮನೆ ಹಿತ್ತಿಲಾ, ಬಟ್ಟೆ ಒಣಗಿಸೋಕೆ?"

ಉದ್ದನೆಯವನು ಸಲಾಕೆಯನ್ನು ಕಾಲಿಗೆ ಒತ್ತಿ ಹಿಡಿದ. ಸುತ್ತ ನೋಡಿದ. ಆಗ ಅವನ ಕಣ್ಣಿಗೆ ಕ್ಯಾಮೆರಾ ಬಿತ್ತು. ಮೂಲೆಯದು, ಕಂಬದ್ದು, ಲಿಫ್ಟಿನ ಬಾಗಿಲ ಮೇಲಿನದು. ಬುದ್ಧಿ ಅವನಿಗೆ ತಡವಾಗಿ ಬರುತ್ತದೆ, ಆದರೆ ಬರುತ್ತದೆ. ಭಾವನನ್ನು ಅಲ್ಲೇ ಬಿಟ್ಟು ವ್ಯಾನು ಹತ್ತಿ ಹೊರಟುಹೋದ.

ಗಾರ್ಡಮ್ಮ ನನ್ನ ಕೈ ನೋಡಿ ಬೈಗುಳ ನಿಲ್ಲಿಸಿದಳು. ಐಸು ತರಲು ಹೋದಳು. ಸಂಸಾರ ತನ್ನ ಬಾನೆಟ್ಟು ಸವರಿಕೊಂಡು ಹೊರಟಿತು. ಕಾರಿಲ್ಲದ ಖಾಲಿ ಜಾಗದಲ್ಲಿ ಉಳಿದವರು ನಾವಿಬ್ಬರೇ.

ಯಾಕೆ ಎಂದು ಕೇಳಿದೆ.

ಭಾವ ನೆಲದ ಮೇಲೆ ಬಿದ್ದಿದ್ದ ಸೆಟ್ಟಿನ ಚೂರುಗಳನ್ನು ಆರಿಸತೊಡಗಿದರು. ಬಿಲ್ಡರ್ ತನ್ನ ಕಟ್ಟಡದ ಟೆರೇಸನ್ನು ಕ್ಲಬ್ಬಿಗೆ ಬಿಟ್ಟುಕೊಡುತ್ತೇನೆ ಎಂದಿದ್ದನಂತೆ. ರಿಪೀಟರ್ ಇಡಲು. ನಿಮಗೆ ಹೇಳಬೇಕು: ಎರಡು ಮೀಟರ್ ಬ್ಯಾಂಡಿನ ಕೈ ಸೆಟ್ಟುಗಳ ದನಿ ಕಣ್ಣು ಹೋದಷ್ಟೇ ದೂರ ಹೋಗುತ್ತದೆ. ಗುಡ್ಡ ಅಡ್ಡ ಬಂದರೆ ಅಲ್ಲಿಗೆ ಮುಗಿಯಿತು. ಅದನ್ನು ಎತ್ತಿಕೊಂಡು ಇಡೀ ಊರಿಗೆ ಮರಳಿ ಹರಡುವ ಯಂತ್ರವೇ ರಿಪೀಟರ್. ಅದನ್ನು ಎತ್ತರದಲ್ಲಿ ಇಡಬೇಕು. ಎಷ್ಟು ಎತ್ತರವೋ ಅಷ್ಟು ಊರು. ಭಾವ ಅದಕ್ಕಾಗಿ ವರ್ಷಗಟ್ಟಲೆ ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿದ್ದರು. ಯಾರೂ ಅವರಿಗೆ ಒಂದು ಟೆರೇಸು ಕೊಟ್ಟಿರಲಿಲ್ಲ.

"ಯಾವ ಕಟ್ಟಡ ಭಾವ? ಆ ಲಿಫ್ಟ್ ಬಿದ್ದಿದ್ದೇನಾ?"

"ಅದೇ ಎತ್ತರದ್ದು," ಎಂದರು. ತಲೆಯೆತ್ತಲಿಲ್ಲ. "ಇಡೀ ಊರಿಗೆ ಕೇಳ್ಸುತ್ತೆ ಪುಟ್ಟಿ. ಬಿರುಗಾಳಿ ಬಂದ್ರೆ ಎಷ್ಟು ಜೀವ ಉಳಿಯುತ್ತೆ ಯೋಚ್ನೆ ಮಾಡು. ಬಿಲ್ಡರ್ ಕಡೆಯವ್ರು ಆ ಮೆಕ್ಯಾನಿಕ್ ಹತ್ರ ಬರೀ ಮಾತಾಡ್ತೀವಿ ಅಂದ್ರು. ಸಾಕ್ಷಿ ಹೇಳ್ಬೇಡ ಅಂತ ಒಪ್ಪಿಸ್ತೀವಿ ಅಂದ್ರು."

"ಸಲಾಕೆ ಹಿಡ್ಕೊಂಡು?"

ಅವರು ಇನ್ನೊಂದು ಚೂರು ಆರಿಸಿದರು.

"ಆ ಮಗು ಅಳೋದು ಎಲ್ಲಿಂದ ತಂದ್ರಿ?"

ಅವರ ಕೈ ನಿಂತಿತು. ನಾನು ಇನ್ನೊಮ್ಮೆ ಕೇಳಲಿಲ್ಲ. ನೆನಪಾಯಿತು. ಅಕ್ಕನ ಮಗಳು ಹುಟ್ಟಿದ ವರ್ಷ ಭಾವ ಎಲ್ಲವನ್ನೂ ರೆಕಾರ್ಡ್ ಮಾಡಿಡುತ್ತಿದ್ದರು. ನಗು, ಬಿಕ್ಕಳಿಕೆ, ಅಳು. ಆ ಮಗು ಎರಡು ತುಂಬುವ ಮುಂಚೆ ಜ್ವರದಲ್ಲಿ ಹೋಯಿತು. ಆ ಟೇಪುಗಳನ್ನು ಅಕ್ಕ ಆಮೇಲೆ ಎಂದೂ ಮುಟ್ಟಿರಲಿಲ್ಲ.

ನನಗೆ ಬೆರಳಿನ ನೋವು ಮರೆತುಹೋಯಿತು.

ಗಾರ್ಡಮ್ಮ ಐಸು ತಂದಳು. ಕ್ಯಾಮೆರಾದ ರೆಕಾರ್ಡು ಯಾರ ಹತ್ತಿರ ಕೇಳಬೇಕೆಂದು ಅವಳನ್ನು ವಿಚಾರಿಸಿದೆ. ಭಾವನ ಎದುರಿಗೇ ವಿಚಾರಿಸಿದೆ. ಅವರು ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿ ನನ್ನ ಚೀಲದ ಮೇಲಿಟ್ಟು, ಇಳಿಜಾರಿನಲ್ಲಿ ನಡೆದು ಇಳಿದರು.

ಮರುದಿನ ಲಿಫ್ಟ್ ಮಾಮ ಕೋರ್ಟಿನಲ್ಲಿ ಮಾತಾಡಿದರು. ಬೀಗ ಯಾವ ಬಾಗಿಲಿಗೆ ಹಾಕಿದೆ, ಯಾಕೆ ಹಾಕಿದೆ, ಒಡೆದ ಮೇಲೆ ಯಾರು ತಮ್ಮನ್ನು ಗದರಿಸಿ ಹೊರಗೆ ಕಳಿಸಿದರು. ಎದುರಿನ ವಕೀಲ ಮಧ್ಯಾಹ್ನದವರೆಗೆ ಜಗ್ಗಾಡಿದ. ಒಂದು ಪದ ಸಡಿಲವಾಗಲಿಲ್ಲ. ಅಡುಗೆಯವರ ಮನೆಯವರು ಹಿಂದಿನ ಬೆಂಚಿನಲ್ಲಿ ಸೆರಗು ಬಾಯಿಗೊತ್ತಿಕೊಂಡು ಕೇಳಿದರು.

ಹೊರಗೆ ಬಂದು ಲಿಫ್ಟ್ ಮಾಮ ನನ್ನ ಬ್ಯಾಂಡೇಜು ನೋಡಿದರು. ಹೊಸ ಸೆಟ್ಟು ಕೊಡಿಸುತ್ತೇನೆ ಎಂದೆ. ಬೇಡ ಎಂದರು. ಸ್ವಲ್ಪ ದಿನ ಯಾವುದನ್ನೂ ಕೇಳಬೇಕೆನಿಸುತ್ತಿಲ್ಲ ಎಂದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ.

ಕ್ಯಾಮೆರಾದ ರೆಕಾರ್ಡನ್ನು ಅಕ್ಕನ ಆಫೀಸಿನಲ್ಲಿ ಅವಳ ಕೈಗೇ ಕೊಟ್ಟೆ. ಬಾಗಿಲು ಹಾಕಿಕೊಂಡು ನೋಡಿದಳು. ಹೊರಗೆ ಬಂದಾಗ ಕಣ್ಣು ಒಣಗಿತ್ತು, ಕೋಟಿನ ಗುಂಡಿಗಳೆಲ್ಲ ಹಾಕಿದ್ದವು. ಮಗುವಿನ ಟೇಪಿನ ವಿಷಯ ನಾನು ಹೇಳಲಿಲ್ಲ. ಅದು ಅವಳಿಗೆ ತಿಳಿದದ್ದು ಕೋರ್ಟಿನಲ್ಲಿ, ಮುಂದಿನ ವಾಯಿದೆಯ ದಿನ, ಭಾವ ಸಾಕ್ಷಿಕಟ್ಟೆ ಹತ್ತಿ ಎಲ್ಲವನ್ನೂ ಒಪ್ಪಿಕೊಂಡಾಗ. ಕರೆಸಿದವಳು ಅಕ್ಕನೇ. ಸ್ವಂತ ಗಂಡನನ್ನು ಪ್ರಶ್ನೆ ಮಾಡುವುದು ಸರಿಯಲ್ಲವೆಂದು ಆ ಒಂದು ಸಾಕ್ಷಿಗೆ ಬೇರೆ ವಕೀಲರನ್ನು ನಿಲ್ಲಿಸಿ, ತಾನು ಕೊನೆಯ ಬೆಂಚಿನಲ್ಲಿ ಅಡುಗೆಯವರ ಮನೆಯವರ ಪಕ್ಕ ಕೂತಿದ್ದಳು. ಟೇಪಿನ ಮಾತು ಬಂದಾಗ ಎದ್ದು ಹೊರಗೆ ಹೋದಳು.

ಬಿಲ್ಡರ್‌ನ ಜಾಮೀನು ಅಂದೇ ರದ್ದಾಯಿತು. ಉದ್ದನೆಯವನೂ ಒಳಗೆ ಹೋದ.

ಕಾರಿಡಾರಿನಲ್ಲಿ ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಹತ್ತಿರ ಹೋದೆ. ಒಳ್ಳೆಯ ಕೈಯನ್ನು ಅವಳ ಭುಜದ ಮೇಲಿಟ್ಟೆ. ಅದನ್ನು ನಿಧಾನವಾಗಿ ಎತ್ತಿ ನನಗೇ ವಾಪಸ್ಸು ಕೊಟ್ಟಳು, ಯಾರೋ ಬೀಳಿಸಿಕೊಂಡ ವಸ್ತುವನ್ನು ಕೊಡುವ ಹಾಗೆ.

"ಟೇಪಿನ ವಿಷಯ ನಿಂಗೆ ಮೊದಲೇ ಗೊತ್ತಿತ್ತು. ನಿನ್ನ ಬಿಲ್ಲು ಆಫೀಸಿಗೆ ಕಳಿಸು," ಎಂದಳು. "ಮನೆ ಕಡೆ ಬರಬೇಡ."

ಕಳಿಸಿದೆ. ಒಡಹುಟ್ಟಿದವಳೆಂದು ಪ್ರತಿ ಸಲ ಕೊಡುತ್ತಿದ್ದ ರಿಯಾಯಿತಿಯನ್ನು ಈ ಸಲ ಕೊಡಲಿಲ್ಲ.